ಪಿ2ಪಿ ಆ್ಯಪ್ ಬರೆದೆ, ಜನ ಸಿನಿಮಾ ಹಂಚಿದರೆ ಕೇಸು ನನ್ನ ಮೇಲಾ?

ಕೋಡುಬಳೆ:
ನಮಸ್ಕಾರ. ನಡುವೆ ಸರ್ವರ್ ಇಲ್ಲದೆ ಕಂಪ್ಯೂಟರಿಂದ ಕಂಪ್ಯೂಟರಿಗೆ ಫೈಲ್ ಕಳಿಸುವ ಆ್ಯಪ್ ಬರೆದಿದ್ದೇನೆ. ಶುರು ಮಾಡಿದ್ದು ಮದುವೆ ವಿಡಿಯೊ ಅಣ್ಣನಿಗೆ ಕಳಿಸೋಕೆ. "ಯಾರಾದರೂ ಸಿನಿಮಾ ಹಂಚಿದರೆ ಒಳಗೆ ಹೋಗೋದು ನೀನೇ" ಅಂತ ಗೆಳೆಯ ಹೆದರಿಸಿದ್ದಾನೆ. ಯಾರು ಏನು ಕಳಿಸುತ್ತಾರೆ ಅಂತ ನನಗೆ ಕಾಣುವುದೇ ಇಲ್ಲ. ಅಷ್ಟು ಸಾಕಲ್ವಾ?

ಹಳೇಮೋಡೆಮ್:
ಸಾಲದು. ಹಾಡು ಹಂಚಿಕೊಳ್ಳುವ ನ್ಯಾಪ್‌ಸ್ಟರ್ ಅಂತ ಒಂದು ಆ್ಯಪ್ ಇತ್ತು. ಅದರಲ್ಲಿ ಹಾಡುಗಳಿದ್ದದ್ದು ಜನರ ಕಂಪ್ಯೂಟರಲ್ಲೇ. ಆದರೆ ಯಾರ ಹತ್ತಿರ ಯಾವ ಹಾಡಿದೆ ಅನ್ನುವ ಪಟ್ಟಿ ಕಂಪನಿಯ ಸರ್ವರಲ್ಲಿತ್ತು. ಕದ್ದ ಹಾಡು ಹಂಚುವುದು ಗೊತ್ತಿತ್ತು, ತಡೆಯಬಹುದಿತ್ತು, ತಡೆಯಲಿಲ್ಲ ಅಂತ 2001ರಲ್ಲಿ ಅಮೆರಿಕದ ಕೋರ್ಟು ಕಂಪನಿಯನ್ನೇ ಹಿಡಿದುಕೊಂಡಿತು.

ಆಮೇಲೆ ಬಂದ ಅಂಥದ್ದೇ ಆ್ಯಪ್ ಗ್ರಾಕ್‌ಸ್ಟರ್‌ನವರು ಜಾಣರು, ಆ ಪಟ್ಟಿಯನ್ನೇ ಇಟ್ಟುಕೊಳ್ಳಲಿಲ್ಲ. ಕೆಳಗಿನ ಎರಡು ಕೋರ್ಟಲ್ಲಿ ಗೆದ್ದರು ಕೂಡ. ಅವರ ಬೆನ್ನಿಗೆ 1984ರ ಸೋನಿ ಬೀಟಾಮ್ಯಾಕ್ಸ್ ತೀರ್ಪಿತ್ತು: ಟಿವಿ ಕಾರ್ಯಕ್ರಮ ರೆಕಾರ್ಡ್ ಮಾಡುವ ವಿಸಿಆರ್‌ಗೆ ಸರಿಯಾದ ಉಪಯೋಗವೂ ಸಾಕಷ್ಟಿದೆ, ಮಾರಿದ್ದೇ ತಪ್ಪು ಅನ್ನುವ ಹಾಗಿಲ್ಲ. ಆದರೆ 2005ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಒಂಬತ್ತೂ ಜಡ್ಜುಗಳು ಅವರ ವಿರುದ್ಧ ನಿಂತರು. ಅವರನ್ನು ಸಿಕ್ಕಿಸಿದ್ದು ಕೋಡ್ ಅಲ್ಲ, ಮಾತು. ನ್ಯಾಪ್‌ಸ್ಟರ್ ಬಿಟ್ಟು ಬರುವವರನ್ನು ಸೆಳೆಯುವ ಪ್ಲಾನು ಅವರ ಕಾಗದಪತ್ರದಲ್ಲೇ ಇತ್ತು. ಬಳಕೆ ಜಾಸ್ತಿಯಾದಷ್ಟೂ ಜಾಹೀರಾತಿನ ದುಡ್ಡು. ಕದ್ದ ಫೈಲ್ ಸೋಸುವ ಪ್ರಯತ್ನವಂತೂ ಇಲ್ಲವೇ ಇಲ್ಲ.

ನಿಮ್ಮ ರೀಡ್‌ಮಿ, ಅಂದರೆ ಆ್ಯಪ್ ಪರಿಚಯದ ಬರಹ, ಇಲ್ಲಿ ಹಾಕಿ, ನೋಡೋಣ.

ಕೋಡುಬಳೆ:
ಮೊದಲ ಸಾಲು: "ಹೊಸ ಸಿನಿಮಾ ಹತ್ತೇ ನಿಮಿಷದಲ್ಲಿ!" ಸುಮ್ನೆ ತಮಾಷೆಗೆ ಬರೆದದ್ದು ಸಾರ್.

ಹಳೇಮೋಡೆಮ್:
ಸಿಕ್ಕಿತು ನೋಡಿ ಬಗ್. ಮೊದಲು ಅದನ್ನು ತೆಗೆಯಿರಿ. ಮದುವೆ ವಿಡಿಯೊ ಕಥೆಯನ್ನೇ ಬರೆಯಿರಿ, ಅದು ನಿಜ ತಾನೆ?

ರಾತ್ರಿಪಾಳಿ:
ಅಷ್ಟರಿಂದ ಪೂರ್ತಿ ನೆಮ್ಮದಿ ಸಿಗಲ್ಲ. ಜಪಾನಿನಲ್ಲಿ ವಿನ್ನಿ ಅನ್ನುವ ಫೈಲ್ ಹಂಚುವ ಆ್ಯಪ್ ಬರೆದ ಇಸಾಮು ಕಾನೆಕೊ, ಕಾನೂನು ಮೀರಿದ ಫೈಲ್ ಹಂಚಬೇಡಿ ಅಂತ ತಮ್ಮ ಸೈಟಿನಲ್ಲೇ ಹಾಕಿದ್ದರು. ಆದರೂ 2004ರಲ್ಲಿ ಅರೆಸ್ಟ್. 2006ರಲ್ಲಿ ಕ್ಯೋಟೊ ಕೋರ್ಟು 15 ಲಕ್ಷ ಯೆನ್ ದಂಡ ಹಾಕಿತು. 2009ರಲ್ಲಿ ಒಸಾಕಾ ಹೈಕೋರ್ಟು ಬಿಟ್ಟಿತು, 2011ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಗೆದ್ದರು ನಿಜ, ಆದರೆ ಏಳು ವರ್ಷ ಹೋಯಿತಲ್ಲ. 2013ರಲ್ಲಿ, 42ನೇ ವಯಸ್ಸಿಗೇ ತೀರಿಕೊಂಡರು.

ಕೋಡುಬಳೆ:
ಅಯ್ಯೋ. ನಮ್ಮಲ್ಲಿ ಹೇಗೆ?

ರಾತ್ರಿಪಾಳಿ:
1957ರ ಕಾಪಿರೈಟ್ ಕಾಯ್ದೆಯ 63ನೇ ಸೆಕ್ಷನ್ ಓದಿ. ಗೊತ್ತಿದ್ದೂ ಕದಿಯುವವರ ಜೊತೆಗೆ ಕುಮ್ಮಕ್ಕು ಕೊಡುವವರನ್ನೂ ಅದು ಹಿಡಿಯುತ್ತದೆ. ಆ್ಯಪ್ ಬಿಡುವ ಮುಂಚೆ ಒಬ್ಬ ವಕೀಲರಿಗೆ ತೋರಿಸಿ. ಆ ಫೀಸು ವ್ಯರ್ಥ ಆಗಲ್ಲ.

ಕೋಡುಬಳೆ:
ಆ ಸಾಲು ತೆಗೆದೆ. ಆದರೆ ಹಳೆಯ ಬದಲಾವಣೆಗಳೆಲ್ಲ ಉಳಿಯುವ ಗಿಟ್ ಹಿಸ್ಟರಿಯಲ್ಲಿ ಇದ್ದೇ ಇದೆಯಲ್ಲ, ಅದನ್ನೂ ಅಳಿಸಲಾ?

ಹಳೇಮೋಡೆಮ್:
ಬೇಡ ಮಾರಾಯ್ರೆ. ಮುಚ್ಚಿಟ್ಟ ಹಾಗೆ ಕಾಣುತ್ತದೆ.