ತಿಂಗಳಿಗೆ ನೂರಕ್ಕೆ ನಾಲ್ಕು ರೂಪಾಯಿ: ಅಪ್ಪನ ನಿವೃತ್ತಿ ಹಣ ಹಾಕಬಹುದೇ?

ಪ್ರಶ್ನೆ: ರಾಣೆಬೆನ್ನೂರಿನವಳು

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು ವಾಯವ್ಯ ಸಾರಿಗೆ ಸಂಸ್ಥೆಯಲ್ಲಿ ಚಾಲಕರಾಗಿದ್ದು, 60 ವರ್ಷ ತುಂಬಿ ಇತ್ತೀಚೆಗಷ್ಟೇ ನಿವೃತ್ತರಾದರು. ಗ್ರಾಚ್ಯುಟಿ, ಭವಿಷ್ಯ ನಿಧಿ ಎಲ್ಲ ಸೇರಿ 18 ಲಕ್ಷ ರೂಪಾಯಿ ಕೈಗೆ ಬಂದಿದೆ. ತಂಗಿಯ ಮದುವೆ ಇನ್ನೂ ಆಗಬೇಕು. ಈ ಹಣ ಬಿಟ್ಟರೆ ನಮಗೆ ಬೇರೆ ಆಸರೆ ಇಲ್ಲ.

ನಮ್ಮ ಸೋದರತ್ತೆಯ ಮಗ ಹುಬ್ಬಳ್ಳಿಯ ಒಂದು ಸಂಸ್ಥೆಗೆ ಹಣ ಕೂಡಿಸಿಕೊಡುವ ಕೆಲಸ ಮಾಡುತ್ತಾರೆ. ಅವರು ಮನೆಗೆ ಬಂದು, "ಮಾಮಾ, ಹತ್ತು ಲಕ್ಷ ಹಾಕಿರಿ, ತಿಂಗಳ ಐದನೇ ತಾರೀಖಿಗೆ ತಪ್ಪದೇ 40,000 ನಿಮ್ಮ ಖಾತೆಗೆ ಬೀಳುತ್ತದೆ, ಎರಡು ವರ್ಷದ ನಂತರ ಅಸಲು ಪೂರ್ತಿ ವಾಪಸ್ಸು" ಎಂದು ಹೇಳಿದ್ದಾರೆ. ಶೇರು ಮತ್ತು ಕಮಾಡಿಟಿ ಟ್ರೇಡಿಂಗ್‌ನಿಂದ ಈ ಲಾಭ ಬರುತ್ತದೆಯಂತೆ. ಸಂಸ್ಥೆಯ ಜಿಎಸ್‌ಟಿ ಪ್ರಮಾಣಪತ್ರದ ಪ್ರತಿಯನ್ನೂ ತೋರಿಸಿದರು. ಭದ್ರತೆಗೆ ಕರಾರು ಪತ್ರ ಮತ್ತು ಮುಂದಿನ ತಾರೀಖಿನ ಚೆಕ್ ಕೊಡುತ್ತಾರಂತೆ. ನಮ್ಮ ಪಕ್ಕದ ಮನೆಯವರು 2 ಲಕ್ಷ ಹಾಕಿದ್ದು, ಎಂಟು ತಿಂಗಳಿನಿಂದ 8,000 ರೂಪಾಯಿ ಒಂದು ದಿನವೂ ತಪ್ಪದೇ ಬಂದಿದೆ.

ಭಾವನವರು ಮೋಸ ಮಾಡುವ ಮನುಷ್ಯರಲ್ಲ. ತಮ್ಮ ಸ್ವಂತ ಹಣವನ್ನೂ ಅಲ್ಲಿಯೇ ಇಟ್ಟಿದ್ದಾರೆ. ಆದರೂ ನನಗೆ ಧೈರ್ಯ ಬರುತ್ತಿಲ್ಲ. ಇಂಥದ್ದನ್ನು ನಂಬಬಹುದೇ ಬೇಡವೇ ಎಂದು ಅಳೆಯುವುದು ಹೇಗೆ? ಅಪ್ಪನಿಗೆ ಹೇಳುವಾಗ ಬರೀ "ಭಯವಾಗುತ್ತದೆ" ಎಂದರೆ ಸಾಲದು, ಕಾರಣ ಬೇಕು.

ಉತ್ತರ: ಧಾರವಾಡದ ನಿವೃತ್ತ ಬ್ಯಾಂಕ್ ಅಧಿಕಾರಿ

ತಂಗಿ, ಮೊದಲು ಪಕ್ಕದ ಮನೆಯವರ ಲೆಕ್ಕವನ್ನೇ ನೋಡೋಣ, ಏಕೆಂದರೆ ನಿಮ್ಮ ತಂದೆಯವರ ಮನಸ್ಸು ವಾಲಿರುವುದು ಅದನ್ನು ಕಂಡೇ ಇರಬೇಕು. ಅವರು 2 ಲಕ್ಷ ಕೊಟ್ಟರು, ಎಂಟು ತಿಂಗಳಲ್ಲಿ 64,000 ಮರಳಿ ಬಂತು. ಅಂದರೆ ಅವರದೇ 1,36,000 ರೂಪಾಯಿ ಇನ್ನೂ ಸಂಸ್ಥೆಯ ಬಳಿ ಇದೆ. ಆ 2 ಲಕ್ಷದಿಂದ ಸಂಸ್ಥೆಯವರು ಒಂದು ರೂಪಾಯಿಯ ವ್ಯಾಪಾರವನ್ನೂ ಮಾಡದೆ, ತಿಜೋರಿಯಲ್ಲಿಟ್ಟು, ಅದರಲ್ಲಿಂದಲೇ ತಿಂಗಳಿಗೆ 8,000 ಎಣಿಸಿಕೊಟ್ಟರೂ 25 ತಿಂಗಳು ನಡೆಯುತ್ತದೆ. ಹೊಸಬರ ಹಣ ಬರುತ್ತಿದ್ದರೆ ಇನ್ನೂ ಹೆಚ್ಚು ಕಾಲ ನಡೆಯುತ್ತದೆ. ಹೀಗಿರುವಾಗ ಎಂಟು ತಿಂಗಳು ತಪ್ಪದೇ ಬಂದಿದೆ ಎಂಬುದರಿಂದ ಸಂಸ್ಥೆಗೆ ಲಾಭ ಇದೆಯೋ ಇಲ್ಲವೋ ಎಂಬ ಬಗ್ಗೆ ಏನೂ ತಿಳಿಯುವುದಿಲ್ಲ. ಅಸಲು ಕೊಡಬೇಕಾದ ಗಡುವನ್ನು ಎರಡು ವರ್ಷಕ್ಕೆ ಇಟ್ಟಿರುವುದನ್ನೂ ಈ ಲೆಕ್ಕದ ಜೊತೆಯಲ್ಲಿಯೇ ಇಟ್ಟು ನೋಡಿರಿ.

1920ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಚಾರ್ಲ್ಸ್ ಪೊಂಜಿ ಎಂಬಾತ 45 ದಿನಕ್ಕೆ ನೂರಕ್ಕೆ 50ರಷ್ಟು ಲಾಭ ಕೊಡುತ್ತೇನೆಂದು ಜನರಿಂದ ಹಣ ಎತ್ತಿದ. ವಿದೇಶಿ ಅಂಚೆ ಕೂಪನ್ನುಗಳ ವ್ಯಾಪಾರದಿಂದ ಲಾಭ ಬರುತ್ತದೆ ಎಂದು ಹೇಳಿದ್ದನೇ ಹೊರತು, ಹಳಬರಿಗೆ ಕೊಡುತ್ತಿದ್ದದ್ದು ಹೊಸಬರ ಹಣವನ್ನು. ಅವನೂ ಮೊದಮೊದಲು ಎಲ್ಲರಿಗೂ ಹೇಳಿದ ಸಮಯಕ್ಕೆ ಸರಿಯಾಗಿ ಕೊಟ್ಟಿದ್ದ, ಮತ್ತು ಹಣ ಸಿಕ್ಕವರೇ ಊರೆಲ್ಲ ಹೇಳಿಕೊಂಡು ಬಂದರು.

ಇನ್ನು ಲಾಭದ ಮೂಲ. ತಿಂಗಳಿಗೆ 4 ಎಂದರೆ ವರ್ಷಕ್ಕೆ 48. ಅದರ ಮೇಲೆ ಕಚೇರಿಯ ಬಾಡಿಗೆ, ನೌಕರರ ಪಗಾರ, ಹಣ ತಂದುಕೊಟ್ಟವರ ಕಮಿಷನ್. ಇದೆಲ್ಲ ಕೊಟ್ಟೂ ಉಳಿಯಬೇಕಾದರೆ ಆ ವ್ಯಾಪಾರ ವರ್ಷಕ್ಕೆ ನೂರಕ್ಕೆ 55, 60 ದುಡಿಯಬೇಕು, ಅದೂ ಒಂದು ತಿಂಗಳೂ ಮುಗ್ಗರಿಸದೆ. ಶೇರು ಪೇಟೆ ಎಂದರೆ ಏರಿಳಿತ. ಪೇಟೆ ಬಿದ್ದ ತಿಂಗಳಲ್ಲಿಯೂ ಐದನೇ ತಾರೀಖಿಗೆ ಅದೇ 40,000 ಬರುತ್ತದೆ ಎಂದರೆ, ಆ ಹಣ ಪೇಟೆಯಿಂದ ಬರುತ್ತಿಲ್ಲ ಎಂದೇ ಅರ್ಥ ಮಾಡಿಕೊಳ್ಳಬೇಕಾಗುತ್ತದೆ. ಮತ್ತೊಂದು ಮಾತು: ಚಿನ್ನವನ್ನೋ ಆಸ್ತಿಯನ್ನೋ ಅಡವಿಟ್ಟರೆ ಬ್ಯಾಂಕುಗಳು ವರ್ಷಕ್ಕೆ 10ರಿಂದ 14ರ ಆಸುಪಾಸಿನ ಬಡ್ಡಿಗೆ ಸಾಲ ಕೊಡುತ್ತವೆ. ಅಷ್ಟು ಖಾತ್ರಿಯಾದ ಲಾಭ ಇರುವವನು ಬ್ಯಾಂಕನ್ನು ಬಿಟ್ಟು, ರಾಣೆಬೆನ್ನೂರಿನ ನಿವೃತ್ತ ಚಾಲಕರೊಬ್ಬರಿಗೆ 48 ಕೊಟ್ಟು ಹಣ ಪಡೆಯುವುದು ಏಕೆ? ಭಾವನವರ ಮುಂದೆ ಈ ಪ್ರಶ್ನೆಯನ್ನು ನಿಮ್ಮ ತಂದೆಯವರೇ ಇಡಲಿ.

ಜಿಎಸ್‌ಟಿ ಪ್ರಮಾಣಪತ್ರ ತೆರಿಗೆ ಕಟ್ಟುವುದಕ್ಕೆ, ಅಷ್ಟೇ. ಕಿರಾಣಿ ಅಂಗಡಿಗೂ ಅದು ಸಿಗುತ್ತದೆ. ಜನರಿಂದ ಠೇವಣಿ ಪಡೆಯಬೇಕಾದರೆ ಬ್ಯಾಂಕೇತರ ಹಣಕಾಸು ಸಂಸ್ಥೆಗೆ ರಿಸರ್ವ್ ಬ್ಯಾಂಕಿನ ಪ್ರತ್ಯೇಕ ಅನುಮತಿ ಬೇಕು, ಆ ಅನುಮತಿ ಇದ್ದರೂ ವರ್ಷಕ್ಕೆ ನೂರಕ್ಕೆ 12.5ಕ್ಕಿಂತ ಹೆಚ್ಚು ಬಡ್ಡಿ ಕೊಡುವಂತಿಲ್ಲ. ಬೇರೆಯವರ ಹಣವನ್ನು ಶೇರು ಪೇಟೆಯಲ್ಲಿ ನಿರ್ವಹಿಸಬೇಕಾದರೆ ಶೇರು ಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ನೋಂದಣಿ ಬೇಕು. ಒಬ್ಬೊಬ್ಬ ಗ್ರಾಹಕನ ಹಣವನ್ನು ಬೇರೆಬೇರೆಯಾಗಿ ನೋಡಿಕೊಳ್ಳುವ ನೋಂದಾಯಿತ ಪೋರ್ಟ್‌ಫೋಲಿಯೊ ನಿರ್ವಾಹಕರು 50 ಲಕ್ಷಕ್ಕಿಂತ ಕಡಿಮೆ ಹಣವನ್ನು ಒಬ್ಬ ಗ್ರಾಹಕನಿಂದ ತೆಗೆದುಕೊಳ್ಳುವಂತಿಲ್ಲ, ಇಷ್ಟೇ ಲಾಭ ಬರುತ್ತದೆ ಎಂದು ಖಾತ್ರಿ ಕೊಡುವಂತೆಯೂ ಇಲ್ಲ. ನಿಮ್ಮ ನೆರೆಯವರಿಂದ 2 ಲಕ್ಷ ಪಡೆದು, ನೂರಕ್ಕೆ 4ರ ಖಾತ್ರಿ ಕೊಟ್ಟಿರುವ ಸಂಸ್ಥೆ ಈ ಎರಡು ದಾರಿಗಳಲ್ಲಿ ಯಾವುದರಲ್ಲಿಯೂ ಕೂಡುವುದಿಲ್ಲ. ಅನುಮಾನ ಬೇಡವೆಂದಾದರೆ ಅನಧಿಕೃತ ಠೇವಣಿಗಳನ್ನು ತಡೆಯಲೆಂದು ರಿಸರ್ವ್ ಬ್ಯಾಂಕ್ ನಡೆಸುವ 'ಸಚೇತ್' ಜಾಲತಾಣದಲ್ಲಿ ಹೆಸರು ಹುಡುಕಿರಿ, ಸೆಬಿಯ ಜಾಲತಾಣದಲ್ಲಿಯೂ ನೋಡಿರಿ. ಹೆಸರು ಎರಡೂ ಕಡೆ ಇಲ್ಲದಿದ್ದರೆ ಮುಂದಿನ ಲೆಕ್ಕಾಚಾರವೇ ಬೇಕಾಗಿಲ್ಲ.

ಉತ್ತರ: ಬ್ಯಾಡಗಿಯ ದಲಾಲಿ ವ್ಯಾಪಾರಿ

ಅಧಿಕಾರಿಗಳು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಹೆಚ್ಚು ಬಡ್ಡಿ ಎಂದಾಕ್ಷಣ ಎಲ್ಲವೂ ಮೋಸ ಎಂದು ಹೇಳಬಾರದು. ಮೆಣಸಿನಕಾಯಿ ಸುಗ್ಗಿಯಲ್ಲಿ ನಮ್ಮ ಮಾರುಕಟ್ಟೆಯಲ್ಲಿ ವ್ಯಾಪಾರಿಗಳು ಒಬ್ಬರಿಗೊಬ್ಬರು ನೂರಕ್ಕೆ ಒಂದೂವರೆ, ಎರಡು ರೂಪಾಯಿಯಂತೆ ತಿಂಗಳ ಬಡ್ಡಿಗೆ ಹಣ ತಿರುಗಿಸುವುದು ಹೊಸದೇನಲ್ಲ. ಟೆಂಡರ್ ಆದ ಮಾಲಿನ ಹಣವನ್ನು ರೈತನಿಗೆ ಕೊಡಬೇಕು, ಖರೀದಿದಾರನಿಂದ ಬರುವುದು ತಡವಾಗುತ್ತದೆ, ಆ ನಡುವಿನ ಕೆಲವು ವಾರಗಳಿಗೆ ಹಣ ಬೇಕು. ಇದರಲ್ಲಿ ಸಾಲಗಾರನ ಮಾಲು ಯಾವ ಗೋದಾಮಿನಲ್ಲಿ ಎಷ್ಟು ಚೀಲ ಇದೆ ಎಂಬುದು ಕೊಡುವವನಿಗೆ ಗೊತ್ತು, ಸುಗ್ಗಿ ಮುಗಿಯುವುದರೊಳಗೆ ಲೆಕ್ಕ ಚುಕ್ತಾ ಆಗುತ್ತದೆ. ಹೀಗಿದ್ದೂ ಮುಳುಗಿದವರನ್ನು ನಾನು ಕಂಡಿದ್ದೇನೆ. ನಿಮ್ಮ ಭಾವನವರ ಸಂಸ್ಥೆಯ ಮಾಲು ಯಾವ ಗೋದಾಮಿನಲ್ಲಿದೆ ಎಂದು ಒಮ್ಮೆ ಕೇಳಿ ನೋಡಿರಿ, ಉತ್ತರ ಸಿಕ್ಕರೆ ಆಗ ವಿಚಾರ ಮಾಡಬಹುದು.

ಉತ್ತರ: ಗದಗಿನ ಸಹಕಾರಿ ಸಂಘವೊಂದರ ಕಾರ್ಯದರ್ಶಿ

ವ್ಯಾಪಾರಿ ಬಂಧುಗಳು ಹೇಳಿದ ಮಾತಿನಲ್ಲಿ ತಿರುಳಿದೆ. 1905ರಲ್ಲಿ ನಮ್ಮ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ಕಟ್ಟಿದಾಗ ಅದಕ್ಕೆ ಬಲ ಬಂದದ್ದು, ಹಣ ಇಟ್ಟವನಿಗೆ ಅದನ್ನು ಸಾಲವಾಗಿ ಒಯ್ದವನ ಹೊಲವೂ ಎತ್ತೂ ಬೆಳೆಯೂ ಕಣ್ಣಿಗೆ ಕಾಣುತ್ತಿದ್ದುದರಿಂದ. ಈ ಭಾಗದ ಜನರಿಗೆ ಪಿಗ್ಮಿ (ದಿನದಿನದ ಸಣ್ಣ ಉಳಿತಾಯ), ಭಿಶಿ (ಪರಿಚಯದವರ ಚೀಟಿ), ಸಂಘದ ಠೇವಣಿ ಎಂದರೆ ತಲೆಮಾರುಗಳ ಒಡನಾಟ. ಪರಿಚಯದವರು ಮನೆ ಬಾಗಿಲಿಗೆ ಬಂದು ಹಣ ಕೇಳಿದರೆ ನಾವು ಅನುಮಾನಿಸುವುದಿಲ್ಲ, ಕೇಳುವುದು ಮರ್ಯಾದೆಯಲ್ಲ ಎಂದುಕೊಳ್ಳುತ್ತೇವೆ. ಇಂಥ ಸಂಸ್ಥೆಗಳು ಬೇರೂರುವುದು ಈ ವಿಶ್ವಾಸದ ಮೇಲೆ ಎಂಬುದು ನನಗೆ ಬಹಳ ನೋವಿನ ವಿಷಯ. ನಿಮ್ಮ ಭಾವನವರು ಪ್ರಾಮಾಣಿಕರೇ ಇರಬಹುದು, ಸ್ವಂತ ಹಣ ಇಟ್ಟಿರುವುದರಿಂದ ಅವರಿಗೆ ನಂಬಿಕೆ ಇದೆ ಎಂದೂ ತಿಳಿಯುತ್ತದೆ. ಹಣ ಎಲ್ಲಿ ದುಡಿಯುತ್ತಿದೆ ಎಂಬುದು ಅವರಿಗೂ ಕಾಣುತ್ತಿಲ್ಲ ಎಂಬುದೇ ಇಲ್ಲಿರುವ ತೊಡಕು.

ನಾನು ಸಂಘದಲ್ಲಿಯೇ ಕೆಲಸ ಮಾಡುವವನಾದರೂ ಒಂದು ಮಾತನ್ನು ಮುಚ್ಚಿಡಲಾರೆ. ಪತ್ತಿನ ಸಂಘಗಳು ಮತ್ತು ಸೌಹಾರ್ದ ಸಹಕಾರಿಗಳಲ್ಲಿ ಇಟ್ಟ ಠೇವಣಿಗೆ 5 ಲಕ್ಷದವರೆಗಿನ ಠೇವಣಿ ವಿಮೆ ಇರುವುದಿಲ್ಲ. ಅದು ವಾಣಿಜ್ಯ ಬ್ಯಾಂಕುಗಳಿಗೆ ಮತ್ತು ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಪಡೆದ ಸಹಕಾರಿ ಬ್ಯಾಂಕುಗಳಿಗೆ ಮಾತ್ರ. ಆದ್ದರಿಂದ ಅಲ್ಲಿ ಬೇಡವೆಂದು ಇಲ್ಲಿಗೆ ತರುವ ಮುನ್ನವೂ ಸಂಘದ ಲೆಕ್ಕಪರಿಶೋಧನಾ ವರದಿ ಕೇಳಿ, ವಸೂಲಾಗದ ಸಾಲ ಎಷ್ಟಿದೆ ಎಂದು ನೋಡಿರಿ.

ರಾಣೆಬೆನ್ನೂರಿನವಳು

ಎಲ್ಲರಿಗೂ ಧನ್ಯವಾದಗಳು. ನಿನ್ನೆ ಅಪ್ಪನವರು ಭಾವನವರನ್ನು ಕೂರಿಸಿಕೊಂಡು ಬ್ಯಾಂಕಿನ ಸಾಲದ ಪ್ರಶ್ನೆಯನ್ನು ಕೇಳಿದರು. "ಟ್ರೇಡಿಂಗ್ ಹೇಗೆ ಮಾಡುತ್ತಾರೆ ಎಂಬುದನ್ನು ಸಂಸ್ಥೆಯವರು ಯಾರಿಗೂ ಬಿಟ್ಟುಕೊಡುವುದಿಲ್ಲ, ಮಾಮಾ" ಎಂದರು. ಸಚೇತ್‌ನಲ್ಲಿ, ಸೆಬಿಯ ಪಟ್ಟಿಯಲ್ಲಿ ಸಂಸ್ಥೆಯ ಹೆಸರು ಸಿಗಲಿಲ್ಲ. ಪಕ್ಕದ ಮನೆಯವರ ಕರಾರು ಪತ್ರವನ್ನು ಇಸಿದುಕೊಂಡು ಓದಿದೆ. 100 ರೂಪಾಯಿಯ ಬಾಂಡ್ ಪೇಪರಿನ ಮೇಲೆ, "ನನ್ನ ಮನೆಯ ಅಡಚಣೆಯ ನಿಮಿತ್ತ ತಮ್ಮಿಂದ 2,00,000 ರೂಪಾಯಿ ಕೈಗಡವಾಗಿ ನಗದು ಪಡೆದಿರುತ್ತೇನೆ" ಎಂದು ಬರೆದಿದೆ. ಸಂಸ್ಥೆಯ ಹೆಸರು ಎಲ್ಲಿಯೂ ಇಲ್ಲ, ನೂರಕ್ಕೆ ನಾಲ್ಕರ ಮಾತೂ ಇಲ್ಲ. ಸಹಿ ಯಾರೋ ಒಬ್ಬ ವ್ಯಕ್ತಿಯದು. ಚೆಕ್ ಸಹ ಅದೇ ವ್ಯಕ್ತಿಯ ಉಳಿತಾಯ ಖಾತೆಯದು.

ಉತ್ತರ: ಹುಬ್ಬಳ್ಳಿಯ ವಕೀಲ

ಆ ಪತ್ರವನ್ನು ನೀವು ಓದಿದ್ದು ಬಹಳ ಒಳ್ಳೆಯದಾಯಿತು. 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆಯ ಪ್ರಕಾರ ಅನುಮತಿ ಇಲ್ಲದೆ ಜನರಿಂದ ಠೇವಣಿ ಸ್ವೀಕರಿಸಿದವರಿಗೆ 2ರಿಂದ 7 ವರ್ಷ ಸೆರೆವಾಸ ಮತ್ತು 3 ಲಕ್ಷದಿಂದ 10 ಲಕ್ಷದವರೆಗೆ ದಂಡವಿದೆ. ಠೇವಣಿ ಎಂದು ಬರೆದರೆ ಸಿಕ್ಕಿಬೀಳುತ್ತೇವೆ ಎಂದು ತಿಳಿದೇ ಕೈಗಡ ಎಂದು ಬರೆಸುತ್ತಾರೆ. ಒಂದೇ ನಮೂನೆಯ ಪತ್ರಗಳು ನೂರಾರು ಜನರ ಕೈಯಲ್ಲಿದ್ದರೆ ಅದು ಠೇವಣಿಯೇ ಎಂದು ವಾದಿಸಬಹುದು, ಆದರೆ ವಾದಿಸುತ್ತ ವರ್ಷಗಳು ಕಳೆಯುವುದು ನಿಮ್ಮ ತಂದೆಯವರ ವಯಸ್ಸಿನಲ್ಲಿ. ನಗದಿನ ವಿಷಯಕ್ಕೆ ಬಂದರೆ, ಆದಾಯ ತೆರಿಗೆ ಕಾನೂನಿನಂತೆ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನಾಗಲಿ ಠೇವಣಿಯನ್ನಾಗಲಿ ನಗದಾಗಿ ಸ್ವೀಕರಿಸುವಂತಿಲ್ಲ. ನೇರವಾಗಿ ವ್ಯವಹರಿಸುವ ಸಂಸ್ಥೆ 2 ಲಕ್ಷವನ್ನು ಬ್ಯಾಂಕಿನ ಮೂಲಕವೇ ಪಡೆಯುತ್ತಿತ್ತು.

ಚೆಕ್ಕಿನ ಮೇಲೆ ಬಹಳ ಜನ ಭಾರ ಹಾಕುತ್ತಾರೆ. ಚೆಕ್ ಅಮಾನ್ಯವಾದರೆ ಬ್ಯಾಂಕಿನ ಮೆಮೋ ಬಂದ 30 ದಿನದೊಳಗೆ ನೋಟಿಸು ಕೊಡಬೇಕು, 15 ದಿನದಲ್ಲಿ ಹಣ ಬಾರದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ನ್ಯಾಯಾಲಯದಲ್ಲಿ ದೂರು ಸಲ್ಲಿಸಬೇಕು. ಇದೆಲ್ಲ ಒಬ್ಬ ಸಾಲಗಾರ, ಒಬ್ಬ ಸಾಲ ಕೊಟ್ಟವ ಇದ್ದಾಗ ಉಪಯೋಗಕ್ಕೆ ಬರುತ್ತದೆ. ಒಂದೇ ಉಳಿತಾಯ ಖಾತೆಯ ಚೆಕ್ಕುಗಳು ಊರಿನ ತುಂಬ ಹಂಚಿಹೋಗಿರುವಾಗ ಗೆದ್ದವನಿಗೂ ವಸೂಲು ಮಾಡಿಕೊಳ್ಳಲು ಏನು ಉಳಿದಿರುತ್ತದೆ?

2019ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಐಎಂಎ ಎಂಬ ಹೂಡಿಕೆ ಸಂಸ್ಥೆ ಕುಸಿದದ್ದು ನಿಮಗೆ ನೆನಪಿರಬಹುದು. ಅಲ್ಲಿ ಹಣ ಇಟ್ಟವರನ್ನು ಠೇವಣಿದಾರರೆಂದು ಕರೆಯದೆ ಎಲ್‌ಎಲ್‌ಪಿಯ (ಸೀಮಿತ ಹೊಣೆಯ ಪಾಲುದಾರಿಕೆ ಸಂಸ್ಥೆಯ) ಪಾಲುದಾರರನ್ನಾಗಿ ಮಾಡಿಕೊಂಡಿದ್ದರು, ವರ್ಷಗಟ್ಟಲೆ ತಿಂಗಳ ಲಾಭವನ್ನೂ ಹಂಚಿದ್ದರು. ಮುಖ್ಯಸ್ಥ ದುಬೈಗೆ ಹೋದ, ಜುಲೈನಲ್ಲಿ ದೆಹಲಿಗೆ ಮರಳಿದಾಗ ಬಂಧನವಾಯಿತು, ತನಿಖೆ ಸಿಬಿಐಗೆ ಹೋಯಿತು. ರಾಜ್ಯದ 2004ರ ಠೇವಣಿದಾರರ ಹಿತರಕ್ಷಣಾ ಕಾಯ್ದೆಯಡಿ ಆಸ್ತಿ ಜಪ್ತಿ, ವಿಶೇಷ ನ್ಯಾಯಾಲಯ, ಸಕ್ಷಮ ಪ್ರಾಧಿಕಾರ, ಆಮೇಲೆ ಹಂಚಿಕೆ ಎಂಬ ದಾರಿ ಇದೆ. ಕಾನೂನು ಇದೆ ಎಂಬ ಧೈರ್ಯದ ಮೇಲೆ ಹಣ ಹಾಕಬೇಡಿರಿ, ಏಕೆಂದರೆ ಹಂಚುವುದಕ್ಕೆ ಸಿಗುವುದು ಜಪ್ತಿಯಾದ ಆಸ್ತಿಯಷ್ಟೇ.

ಧಾರವಾಡದ ನಿವೃತ್ತ ಬ್ಯಾಂಕ್ ಅಧಿಕಾರಿ

ತಂದೆಯವರಿಗೆ "ಬೇಡ" ಎಂದಷ್ಟೇ ಹೇಳಿದರೆ ತಿಂಗಳ ಆದಾಯದ ಚಿಂತೆ ಅವರಿಗೆ ಹಾಗೆಯೇ ಉಳಿಯುತ್ತದೆ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯ ದರ 2023ರ ಏಪ್ರಿಲ್‌ನಲ್ಲಿ ನೂರಕ್ಕೆ 8.2ಕ್ಕೆ ಏರಿತು, ಮಿತಿ 30 ಲಕ್ಷವಾಯಿತು. ಹೊಸ ಖಾತೆಗಳ ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತದೆ, ಖಾತೆ ತೆರೆದ ದಿನದ ದರವೇ ಐದು ವರ್ಷ ಮುಂದುವರಿಯುತ್ತದೆ. 8.2ರ ಲೆಕ್ಕದಲ್ಲಿ 15 ಲಕ್ಷ ಇಟ್ಟರೆ ಮೂರು ತಿಂಗಳಿಗೊಮ್ಮೆ 30,750 ರೂಪಾಯಿ ಬರುತ್ತದೆ. ಉಳಿದ 3 ಲಕ್ಷ ಮದುವೆಯ ಖರ್ಚಿಗೆ ಬ್ಯಾಂಕಿನಲ್ಲಿ ಕೈಗೆ ಸಿಗುವಂತೆ ಇರಲಿ. ಭಾವನವರು ಹೇಳಿದ 40,000ದ ಮುಂದೆ ಇದು ಚಿಕ್ಕದಾಗಿ ಕಾಣುತ್ತದೆ, ನಿಜ. ಆದರೆ ಇದರಲ್ಲಿ ಅಸಲು ಅಲುಗಾಡುವುದಿಲ್ಲ.

ರಾಣೆಬೆನ್ನೂರಿನವಳು

ಅಪ್ಪನವರು ಒಪ್ಪಿದ್ದಾರೆ, ಸೋಮವಾರ ಅಂಚೆ ಕಚೇರಿಗೆ ಹೋಗುತ್ತೇವೆ. ಪಕ್ಕದ ಮನೆಯವರು ಈಗ ಏನು ಮಾಡಬೇಕು?

ಹುಬ್ಬಳ್ಳಿಯ ವಕೀಲ

ಸಂಸ್ಥೆ ಇನ್ನೂ ಹಣ ಕೊಡುತ್ತಿರುವಾಗಲೇ, ಗಡುವಿಗೆ ಕಾಯದೆ, ಅಸಲನ್ನು ಮರಳಿ ಕೇಳಲಿ. ಕೇಳುವುದು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿದ ಪತ್ರದ ಮೂಲಕ ಇರಲಿ, ಪಡೆಯುವುದು ಬ್ಯಾಂಕ್ ಖಾತೆಯ ಮೂಲಕ ಇರಲಿ. ಮೂಲ ಕರಾರು ಪತ್ರವನ್ನೂ ಚೆಕ್ಕನ್ನೂ ಹಣ ಖಾತೆಗೆ ಬೀಳುವವರೆಗೆ ಯಾರ ಕೈಗೂ ಕೊಡಬಾರದು. ಅವಧಿಯನ್ನು ಮುಂದುವರಿಸಿದರೆ ನೂರಕ್ಕೆ ಐದು ಕೊಡುತ್ತೇವೆ ಎಂಬ ಮಾತು ಬಂದರೆ ಒಪ್ಪಿಕೊಳ್ಳದೆ, ಎಂಟು ತಿಂಗಳ ಬ್ಯಾಂಕ್ ಖಾತೆಯ ವಿವರದ ಪ್ರತಿಯೊಂದಿಗೆ ಪೊಲೀಸ್ ಠಾಣೆಗೂ ಜಿಲ್ಲಾಧಿಕಾರಿಗಳ ಕಚೇರಿಗೂ ದೂರು ಬರೆದುಕೊಡಲಿ. ಸಚೇತ್‌ನಲ್ಲಿಯೂ ದೂರು ದಾಖಲಿಸಬಹುದು. ನಿಮ್ಮ ಭಾವನವರಿಗೂ ಇದನ್ನೇ ಹೇಳಿರಿ, ಮತ್ತು ಇನ್ನು ಮುಂದೆ ಯಾರ ಹಣವನ್ನೂ ತಂದುಕೊಡುವುದು ಬೇಡ ಎಂಬುದನ್ನೂ ಸೇರಿಸಿ ಹೇಳಿರಿ.