ಗರ್ಭಿಣಿಯರ ಖಿನ್ನತೆ ಮತ್ತು ಸಿಆರ್‌ಪಿ: ಥೀಸಿಸ್‌ಗೆ ಸಲಹೆ ಬೇಕು

ನರ್ಸಿಂಗ್_ಪಿಜಿ
24ರಿಂದ 28 ವಾರದ ಗರ್ಭಿಣಿಯರಲ್ಲಿ ಖಿನ್ನತೆಗೂ ಉರಿಯೂತಕ್ಕೂ ಇರುವ ನಂಟನ್ನು ನೋಡಬೇಕೆಂದಿದೆ. ಪಿಎಚ್‌ಕ್ಯೂ-9 (ಖಿನ್ನತೆ ಅಳೆಯುವ ಪ್ರಶ್ನಾವಳಿ) ಮತ್ತು ಸಿಆರ್‌ಪಿ (ಉರಿಯೂತ ತೋರಿಸುವ ರಕ್ತಪರೀಕ್ಷೆ) ಸಾಕೇ? ಉರಿಯೂತದ ಇನ್ನೊಂದು ಸೂಚಕವಾದ ಐಎಲ್-6 ಮಾಡಿಸುವಷ್ಟು ಬಜೆಟ್ ಇಲ್ಲ. ಪೈಲಟ್‌ನಲ್ಲಿ ಸಿಆರ್‌ಪಿ ಕೆಲವರಿಗೆ 0.5, ಕೆಲವರಿಗೆ 9 ಬಂದಿದೆ. ಇಷ್ಟು ಅಂತರ ಯಾಕೆ?

ಲ್ಯಾಬ್_ಬಯೋಕೆಮ್
ಮೊದಲು ಯೂನಿಟ್ ನೋಡಿ. ಒಂದು ಲ್ಯಾಬ್ ಡೆಸಿಲೀಟರಿಗೆ ಮಿ.ಗ್ರಾಂ ಎಂದು ಕೊಡುತ್ತದೆ, ಇನ್ನೊಂದು ಲೀಟರಿಗೆ. ಡೆಸಿಲೀಟರಿಗೆ 0.5 ಅಂದರೆ ಲೀಟರಿಗೆ 5. ಎರಡೂ ಒಂದೇ ಶೀಟಿಗೆ ಸೇರಿದರೆ ಮುಗಿಯಿತು. ಎಲ್ಲ ಸ್ಯಾಂಪಲ್ ಒಂದೇ ಲ್ಯಾಬಿಗೆ ಕಳಿಸಿ, ಸಣ್ಣ ಪ್ರಮಾಣವನ್ನೂ ಅಳೆಯುವ ಹೈ-ಸೆನ್ಸಿಟಿವಿಟಿ ಸಿಆರ್‌ಪಿಯನ್ನೇ ಕೇಳಿ.

ಹೃದಯದ ಅಪಾಯಕ್ಕೆ ಬಳಸುವ, ಲೀಟರಿಗೆ 1 ಮತ್ತು 3 ಮಿ.ಗ್ರಾಂ ಎಂಬ ಸಿಆರ್‌ಪಿ ಗಡಿಗಳನ್ನು ಇಲ್ಲಿಗೆ ತರಬೇಡಿ. ಗರ್ಭಿಣಿಯರಲ್ಲಿ ಸಿಆರ್‌ಪಿ ಸಹಜವಾಗಿಯೇ ಮೇಲಿರುತ್ತದೆ. ಇಎಸ್‌ಆರ್ (ಉರಿಯೂತಕ್ಕೆ ಮಾಡುವ ಇನ್ನೊಂದು ರಕ್ತಪರೀಕ್ಷೆ) ಅಂತೂ ಬೇಡವೇ ಬೇಡ, ಗರ್ಭಿಣಿಯರಲ್ಲಿ ಫೈಬ್ರಿನೋಜೆನ್ ಎಂಬ ರಕ್ತದ ಪ್ರೋಟೀನ್ ಏರುವುದರಿಂದ ಅದು ಹೇಗೂ ಹೆಚ್ಚಿರುತ್ತದೆ. ಸಿಆರ್‌ಪಿ ಲೀಟರಿಗೆ 10 ಮಿ.ಗ್ರಾಂ ದಾಟಿದರೆ ಮೂತ್ರದ ಸೋಂಕು, ಒಸಡು, ಶೀತ-ಕೆಮ್ಮು ವಿಚಾರಿಸಿ, ಎರಡು ವಾರ ಬಿಟ್ಟು ಮತ್ತೆ ತೆಗೆಯಿರಿ. ಟಿಡಿ (ಧನುರ್ವಾಯು-ಡಿಫ್ತೀರಿಯಾ) ಲಸಿಕೆ ಹಾಕಿಸಿಕೊಂಡ ಬೆನ್ನಿಗೇ ರಕ್ತ ತೆಗೆಯಬೇಡಿ. ಮಗುವಿನ ಶ್ವಾಸಕೋಶಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ ಪಡೆದವರನ್ನು ಕೈಬಿಡಿ. ವಿಶ್ಲೇಷಣೆಗೆ ಮುಂಚೆ ಸಿಆರ್‌ಪಿ ಅಂಕಿಗಳನ್ನು ಲಾಗ್‌ಗೆ (ಲಾಗರಿದಮ್) ಬದಲಿಸಿ. ಕೆಲವೇ ದೊಡ್ಡ ಅಂಕಿಗಳು ಇಡೀ ಸರಾಸರಿಯನ್ನು ಎಳೆದುಬಿಡುತ್ತವೆ.

ಮನೋ_ಒಪಿಡಿ
ನನ್ನ ತಕರಾರು ಪಿಎಚ್‌ಕ್ಯೂ-9 ಬಗ್ಗೆ. ಅದರಲ್ಲಿ ನಿದ್ದೆ, ಸುಸ್ತು, ಹಸಿವಿನ ಪ್ರಶ್ನೆಗಳಿವೆ. ಆರನೇ ತಿಂಗಳಲ್ಲಿ ಇವು ಯಾರಿಗಿಲ್ಲ? ಅದಕ್ಕಿಂತ ದೊಡ್ಡ ತೊಂದರೆ, ಉರಿಯೂತವೇ ಸುಸ್ತು ತರುತ್ತದೆ. ಆಗ ನೀವು ಕಂಡ ನಂಟು ಸಿಆರ್‌ಪಿಗೂ ಸುಸ್ತಿಗೂ ಇರಬಹುದು, ದುಃಖಕ್ಕಲ್ಲ. ಎಡಿನ್‌ಬರೋ ಸ್ಕೇಲ್ (ಇಪಿಡಿಎಸ್) 1987ರಲ್ಲಿ ಬಂದದ್ದೇ ಇಂಥ ದೈಹಿಕ ಲಕ್ಷಣಗಳನ್ನು ಆದಷ್ಟು ಬದಿಗಿಟ್ಟು. 10 ಪ್ರಶ್ನೆ, ಕಳೆದ 7 ದಿನ, 0ರಿಂದ 30 ಅಂಕ. ಎಂಟ್ರಿ ಮಾಡುವವರಿಗೆ ಹೇಳಿಡಿ: 1, 2, 4ನೇ ಪ್ರಶ್ನೆಗಳಲ್ಲಿ ಪಟ್ಟಿಯ ಮೊದಲ ಉತ್ತರಕ್ಕೆ 0, ಉಳಿದ ಏಳಕ್ಕೆ 3. ಇಲ್ಲಿ ತಿರುವುಮುರುವಾದರೆ ನೆಮ್ಮದಿಯಾಗಿರುವವರೇ ಖಿನ್ನರಾಗಿ ಕಾಣುತ್ತಾರೆ.

ಖಿನ್ನತೆ ಇಲ್ಲ ಎಂದ ಮಾತ್ರಕ್ಕೆ ನೆಮ್ಮದಿ ಇದೆ ಎಂದಲ್ಲ. ನೆಮ್ಮದಿ ಅಳೆಯುವ ಡಬ್ಲ್ಯುಎಚ್‌ಒ-5 ಪ್ರಶ್ನಾವಳಿ ಕೂಡ ಸೇರಿಸಿ, ಐದೇ ಪ್ರಶ್ನೆ.

ಹಿನ್ನೆಲೆಗೆ ಇಷ್ಟು ಬರೆಯಬಹುದು: ಒತ್ತಡದ ಹಾರ್ಮೋನ್ ಕಾರ್ಟಿಸೋಲ್ ಸಾಮಾನ್ಯವಾಗಿ ಉರಿಯೂತವನ್ನು ತಗ್ಗಿಸುತ್ತದೆ. ಒತ್ತಡ ತಿಂಗಳುಗಟ್ಟಲೆ ಮುಂದುವರಿದರೆ ಬಿಳಿ ರಕ್ತಕಣಗಳು ಅದಕ್ಕೆ ಸರಿಯಾಗಿ ಸ್ಪಂದಿಸದೆ ಐಎಲ್-6 ಹೆಚ್ಚಬಹುದು. ಅದರ ಸೂಚನೆಯಂತೆ ಯಕೃತ್ತು ಸಿಆರ್‌ಪಿ ತಯಾರಿಸುತ್ತದೆ. ದಾರಿ ಹಿಮ್ಮುಖವಾಗಿಯೂ, ಅಂದರೆ ಉರಿಯೂತದಿಂದ ಖಿನ್ನತೆಯ ಕಡೆಗೂ, ಓಡುತ್ತದೆ. ಒಂದೇ ಸಲ ಅಳೆದು ಯಾವುದು ಕಾರಣ, ಯಾವುದು ಪರಿಣಾಮ ಎನ್ನಲಾಗದು.

ಒಬಿಜಿ_ದಾವಣಗೆರೆ
ಇಬ್ಬರೂ ತೂಕದ ಮಾತೇ ಎತ್ತಲಿಲ್ಲ! ಕೊಬ್ಬಿನ ಅಂಗಾಂಶವೇ ಐಎಲ್-6 ಉತ್ಪಾದಿಸುತ್ತದೆ. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) ಲೆಕ್ಕಕ್ಕೆ ಹಿಡಿದಾಗ ಖಿನ್ನತೆ-ಸಿಆರ್‌ಪಿ ನಂಟು ತೆಳುವಾಗುವುದು ಹೊಸದಲ್ಲ. ತಾಯಿ ಕಾರ್ಡ್‌ನಲ್ಲಿರುವ ಮೊದಲ ಭೇಟಿಯ ತೂಕ ತೆಗೆದುಕೊಳ್ಳಿ, ಈಗಿನದಲ್ಲ. ಬಿಎಂಐ ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ, ಎರಡೂ ಫಲಿತಾಂಶ ಕೊಡಿ.

ಹಿಮೋಗ್ಲೋಬಿನ್, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ) ಕೂಡ ಬರೆದುಕೊಳ್ಳಿ. ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಪರೀಕ್ಷೆ) ನಂಬುವಾಗ ಹುಷಾರು: ಉರಿಯೂತವಿದ್ದಾಗ ಅದು ಏರಿ ಕಬ್ಬಿಣದ ಕೊರತೆಯನ್ನು ಮುಚ್ಚಿಡುತ್ತದೆ.

ಸಿಆರ್‌ಪಿ ಹೆಚ್ಚಿದೆ ಎಂದು ಕೇಳಿದ ಮನೆಯವರು ಐಬುಪ್ರೊಫೆನ್ (ನೋವು-ಉರಿಯೂತದ ಮಾತ್ರೆ) ತಂದುಕೊಡಬಹುದು. 20 ವಾರದ ನಂತರ ಅದು ಮಗುವಿನ ಮೂತ್ರಪಿಂಡಕ್ಕೆ ಪೆಟ್ಟು ಕೊಟ್ಟು ಮಗುವಿನ ಸುತ್ತಲಿನ ಗರ್ಭಜಲವನ್ನು ತಗ್ಗಿಸಬಹುದು. ಅರಿಶಿನ ಅಡುಗೆಗೆ ಸರಿ, ಕ್ಯಾಪ್ಸೂಲ್ ಬೇಡ.

ನರ್ಸಿಂಗ್_ಪಿಜಿ
ಧನ್ಯವಾದ. ಇಪಿಡಿಎಸ್ 13 ದಾಟಿ, ಸಿಆರ್‌ಪಿ ನಾರ್ಮಲ್ ಬಂದರೆ?

ಮನೋ_ಒಪಿಡಿ
ರೆಫರ್ ಮಾಡಿ, ಸಿಆರ್‌ಪಿ ಎಷ್ಟೇ ಇರಲಿ. 10ನೇ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯದು. ಅಲ್ಲಿ ಸೊನ್ನೆ ಬಿಟ್ಟು ಬೇರೇನು ಬಂದರೂ ಒಟ್ಟು ಅಂಕ ನೋಡುತ್ತ ಕೂರದೆ ಅವತ್ತೇ ಡಾಕ್ಟರ ಬಳಿ ಕರೆದೊಯ್ಯಿರಿ, ಒಬ್ಬರನ್ನೇ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಎಥಿಕ್ಸ್ ಕಮಿಟಿಗೆ ಕೊಡುವ ಪ್ರೋಟೋಕಾಲ್‌ನಲ್ಲೇ ಇದನ್ನು ಬರೆದಿಡಿ.