ಹಿತ್ತಲಿನ ಸೆನ್ಸರ್ ಲೈಟ್ ಸುಮ್ನೆ ಹತ್ತಿ ಆರುತ್ತದೆ, ಜನ ಬಂದರೆ ಹತ್ತುವುದಿಲ್ಲ. 50 ವಾಟಿನದು ತಗೊಳ್ಳಲಾ?

ತುಂಗಾತೀರ:
ನಮಸ್ಕಾರ. ತೀರ್ಥಹಳ್ಳಿ ಹತ್ತಿರ ನಮ್ಮ ಮನೆ. ಹಿಂಬಾಗಿಲಿನಿಂದ ಕೊಟ್ಟಿಗೆಗೆ ನೇರ ದಾರಿ, ಸುಮಾರು 40 ಅಡಿ. ಎಡಕ್ಕೆ ಬಚ್ಚಲುಮನೆ, ಬಲಕ್ಕೆ ಬಾಳೆಗಿಡಗಳ ಸಾಲು. ಅಮ್ಮ ಬೆಳಗಿನ ಜಾವ ಕತ್ತಲಲ್ಲೇ ಹಾಲು ಕರೆಯಲು ಹೋಗುತ್ತಾರೆ. ಹಾವು ಓಡಾಡುವ ಜಾಗ. ಅದಕ್ಕೇ ಸೆನ್ಸರ್ ಸೇರಿಸಿಯೇ ಬರುವ 20 ವಾಟಿನ ಎಲ್‌ಇಡಿ ಫ್ಲಡ್ ಲೈಟ್ ತಂದು ಹಿಂಬಾಗಿಲ ಮೇಲೆ, ಮಾಡಿನ ಅಡಿಗೆ, 11 ಅಡಿ ಎತ್ತರದಲ್ಲಿ ಹಾಕಿಸಿದ್ದೇವೆ.

ಸಂಜೆ ಬಚ್ಚಲ ಒಲೆ ಉರಿಯುವ ಹೊತ್ತಿಗೆ ಯಾರೂ ಇಲ್ಲದಿದ್ದರೂ ಹತ್ತಿ ಆರಿ, ಹತ್ತಿ ಆರಿ ಮಾಡುತ್ತದೆ. ಗಾಳಿ ಬೀಸಿದರೂ ಅಷ್ಟೇ. ಆದರೆ ಅಮ್ಮ ಹಾಲು ಹಿಡಿದು ಕೊಟ್ಟಿಗೆಯಿಂದ ವಾಪಸ್ ಬರುವಾಗ ಬಾಗಿಲ ಹತ್ತಿರ ಬರುವವರೆಗೂ ಹತ್ತುವುದಿಲ್ಲ. ದೊಡ್ಡದು ತಗೊಂಡರೆ ಸೆನ್ಸರೂ ಚುರುಕಾಗಿರುತ್ತದೆ ಅಂತಾರೆ. ನಿಜವಾ?

ಬೆಸುಗೆಕಡ್ಡಿ:
50 ವಾಟಿನದು ತಗೋಬೇಡಿ. ವಾಟಿಗೂ ಸೆನ್ಸರ್ ಚುರುಕಿಗೂ ಸಂಬಂಧವಿಲ್ಲ. ಒಳ್ಳೆಯ 20 ವಾಟಿನ ಎಲ್‌ಇಡಿ 2000 ಲ್ಯೂಮೆನ್ ಆಸುಪಾಸು ಬೆಳಕು ಕೊಡುತ್ತದೆ, 40 ಅಡಿ ಕಾಲುದಾರಿಗೆ ಅದು ಧಾರಾಳ. ನಿಮ್ಮದು ಬೆಳಕಿನ ತೊಂದರೆ ಅಲ್ಲ, ಸೆನ್ಸರ್ ಕೂತ ಜಾಗದ ತೊಂದರೆ.

ಇದು ಪಿಐಆರ್ ಸೆನ್ಸರ್. ಅದಕ್ಕೆ ಮನುಷ್ಯರು ಕಾಣುವುದಿಲ್ಲ, ಶಾಖದ ವ್ಯತ್ಯಾಸ ಮಾತ್ರ ಕಾಣುತ್ತದೆ. ಮುಂದಿರುವ ಹಾಲುಬಣ್ಣದ ಪ್ಲಾಸ್ಟಿಕ್ ಮುಚ್ಚಳವನ್ನು ಹತ್ತಿರದಿಂದ ನೋಡಿ, ಚಿಕ್ಕ ಚಿಕ್ಕ ಮನೆಗಳು ಕಾಣುತ್ತವೆ. ಒಂದೊಂದು ಮನೆಯೂ ಒಂದೊಂದು ದಿಕ್ಕಿನ ಶಾಖವನ್ನು ಒಳಗಿನ ಸೆನ್ಸರ್ ಮೇಲೆ ಬೀಳಿಸುತ್ತದೆ. ಮೈ ಬಿಸಿಯಿರುವ ಯಾರಾದರೂ ಒಂದು ಮನೆಯಿಂದ ಇನ್ನೊಂದಕ್ಕೆ ದಾಟಿದರೆ ಲೈಟ್ ಹತ್ತುತ್ತದೆ. ಅಡ್ಡ ದಾಟುವವರು ಬೇಗ ಸಿಗುತ್ತಾರೆ. ನೇರ ಎದುರಿಗೆ ನಡೆದು ಬರುವವರು ಬಹಳ ಹೊತ್ತು ಒಂದೇ ಮನೆಯಲ್ಲಿ ಇದ್ದಂತೆ, ಆದ್ದರಿಂದ ತಡವಾಗಿ ಸಿಗುತ್ತಾರೆ. ನಿಮ್ಮ ಅಮ್ಮ ಬರುವುದು ನೇರ ಎದುರಿಗೇ ಅಲ್ವಾ?

ಒಲೆಯ ಬಿಸಿ ಹೊಗೆ ಅದರ ಮುಂದೆ ಹಾದರೂ ಹತ್ತುತ್ತದೆ. ಬಿಸಿಲಿಗೆ ಕಾದ ಗೋಡೆಯ ಮುಂದೆ ಬಾಳೆಲೆ ಆಡಿದರೂ ಹತ್ತುತ್ತದೆ. 11 ಅಡಿ ಎತ್ತರವೂ ಜಾಸ್ತಿಯಾಯಿತು, ಇಂಥ ಸೆನ್ಸರಿಗೆ 6ರಿಂದ 8 ಅಡಿ ಸರಿ.

ನನ್ನ ಸಲಹೆ: ಲೈಟಿನ ಜಾಗ ಅದೇ ಇರಲಿ. ಈಗಿನದನ್ನು ತೆಗೆದು ಅಲ್ಲಿ ಸೆನ್ಸರ್ ಇಲ್ಲದ ಮಾಮೂಲಿ ಫ್ಲಡ್ ಲೈಟ್ ಹಾಕಿ, ಸೆನ್ಸರನ್ನು ಬೇರೆಯಾಗಿ ತಗೊಂಡು ಬಚ್ಚಲಿನ ಗೋಡೆಗೆ, ದಾರಿ ಅದರ ಮುಂದೆ ಅಡ್ಡ ಹಾಯುವ ಹಾಗೆ ಕೂರಿಸಿ. ಹೊಗೆ ಬರುವ ಬದಿ ಬೇಡ. ಬಾಳೆಯ ಕಡೆ ನೋಡುವ ಮನೆಗಳಿಗೆ ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿ ಕಣ್ಣು ಮುಚ್ಚಿಸಿ.

ಇನ್ನೊಂದು ಮಾತು, ಹಾವು ಬಂದರೆ ಈ ಲೈಟ್ ಹತ್ತುವುದಿಲ್ಲ. ಹಾವಿನ ಮೈ ಸುತ್ತಲಿನ ನೆಲದಷ್ಟೇ ಬಿಸಿ. ಅಮ್ಮ ಹೆಜ್ಜೆ ಇಡುವ ಮೊದಲೇ ನೆಲ ಕಾಣಬೇಕು, ನಮಗೆ ಬೇಕಿರುವುದು ಅಷ್ಟು. ಅದಕ್ಕೇ ಹಿಂಬಾಗಿಲ ಒಳಗಡೆ ಒಂದು ಸ್ವಿಚ್ಚೂ ಇಡಿಸಿ. ಸೆನ್ಸರ್ ಬಿಟ್ಟು ನೇರ ಹತ್ತಿಸುವಂತಿರಲಿ.

ಹಾಸನದ ವೈರ್‌ಮನ್:
ಮೇಲಿನವರು ಹೇಳಿದ್ದು ಸರಿ. ವೈರಿಂಗ್ ವಿಷಯ ನಾನು ಸೇರಿಸುತ್ತೇನೆ. ಬಿಡಿ ಸೆನ್ಸರಿನಲ್ಲಿ ಸಾಮಾನ್ಯವಾಗಿ ಮೂರು ವೈರ್ ಇರುತ್ತವೆ: ಕಂದು ಬಣ್ಣದ್ದು ಫೇಸ್, ನೀಲಿ ನ್ಯೂಟ್ರಲ್, ಕೆಂಪು ಲೈಟಿಗೆ ಹೋಗುವುದು. ಆದರೂ ಡಬ್ಬಿ ಮೇಲಿನ ಚಿತ್ರ ನೋಡಿಯೇ ಜೋಡಿಸಿ. ಸೆನ್ಸರಿಗೆ ನ್ಯೂಟ್ರಲ್ ಬೇಕೇ ಬೇಕು, ಎಷ್ಟೋ ಹಳೇ ಮನೆಗಳ ಸ್ವಿಚ್ ಬೋರ್ಡಿನಲ್ಲಿ ಅದು ಇರುವುದಿಲ್ಲ. ಫೇಸ್, ನ್ಯೂಟ್ರಲ್ ಅದಲುಬದಲಾದರೆ ಎಲ್‌ಇಡಿ ಆರಿದ ಮೇಲೂ ಮಂಕಾಗಿ ಮಿಣುಕುತ್ತಿರುತ್ತದೆ. ಎಂಸಿಬಿ (ಮೀಟರ್ ಬೋರ್ಡಿನಲ್ಲಿ ಲೈನ್ ಕಡಿಯುವ ಸ್ವಿಚ್) ಇಳಿಸಿ, ಟೆಸ್ಟರ್ ಹಿಡಿದು ನೋಡದೆ ಯಾರೂ ಕೈ ಹಾಕಬೇಡಿ. ಹಿತ್ತಲಿನ ಲೈನಿಗೆ ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇರಲಿ. ಒದ್ದೆ ನೆಲ, ಬರಿಗಾಲು, ದನ ಕರು. ಇಲ್ಲಿ ಉಳಿತಾಯ ನೋಡುವುದು ನನಗೆ ಒಪ್ಪಿಗೆಯೇ ಇಲ್ಲ.

ನಿಮ್ಮ ಕಡೆ ಮಳೆ ಕೇಳಬೇಕಾ! ಐಪಿ65 (ಧೂಳು, ನೀರು ಒಳಗೆ ಹೋಗದ್ದು) ಅಂತ ಬರೆದಿರುವುದನ್ನೇ ತಗೊಳ್ಳಿ. ವೈರ್ ಕೆಳಗಿನಿಂದ ಮೇಲೆ ಹತ್ತಿ ಡಬ್ಬಿ ಸೇರಬೇಕು, ಆಗ ನೀರು ವೈರಿನ ತಗ್ಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಡಬ್ಬಿಯ ಅಂಚಿಗೆ ಸಿಲಿಕೋನ್ ಅಂಟು ಬಳಿಯುವಾಗ ಮೇಲೆ ಮತ್ತು ಎರಡು ಬದಿ ಮಾತ್ರ. ಕೆಳಗಡೆ ಬಿಡಿ, ಒಳಗೆ ಹೋದ ನೀರು ಹೊರಗೆ ಬರಬೇಕಲ್ಲ.

ರಾಯಚೂರು ಬಿಸಿಲು:
ನಡುವೆ ಬಂದೆ, ಕ್ಷಮಿಸಿ. ನಮ್ಮದು ಚಳಿಗಾಲದಲ್ಲಿ ಚೆನ್ನಾಗಿತ್ತು. ಏಪ್ರಿಲ್ ಬಂತೆಂದರೆ ಸಂಜೆ ಹೊತ್ತು ಹತ್ತಿರ ಹೋದರೂ ಹತ್ತುವುದಿಲ್ಲ. ಕೆಟ್ಟಿದೆಯಾ?

ಬೆಸುಗೆಕಡ್ಡಿ:
ಕೆಟ್ಟಿಲ್ಲ. ಡಬ್ಬಿ ಮೇಲೆ 12 ಮೀಟರ್ ಅಂತ ಬರೆದು ಪಕ್ಕದಲ್ಲಿ ಚಿಕ್ಕದಾಗಿ 24 ಡಿಗ್ರಿಗಿಂತ ಕಡಿಮೆ ಅಂತ ಇದೆಯಾ ನೋಡಿ. ಅಂದರೆ ಅಷ್ಟು ದೂರ ಹಿಡಿಯುವುದು ತಂಪಿದ್ದಾಗ ಮಾತ್ರ. ಗೋಡೆ, ನೆಲ ಎಲ್ಲ ನಿಮ್ಮ ಮೈಯಷ್ಟೇ ಕಾದಾಗ ಸೆನ್ಸರಿಗೆ ವ್ಯತ್ಯಾಸವೇ ಸಿಗುವುದಿಲ್ಲ. ನಿಮ್ಮಂಥ ಊರಿಗೆ ಮೈಕ್ರೋವೇವ್ ಸೆನ್ಸರ್ ನೋಡಬಹುದು, ಅದು ತಾನೇ ಅಲೆ ಬಿಟ್ಟು ಓಡಾಟ ಹಿಡಿಯುತ್ತದೆ, ಶಾಖದ ಹಂಗಿಲ್ಲ. ಆದರೆ ತೆಳು ಗೋಡೆ, ಬಾಗಿಲಿನ ಆಚೆ ಓಡಾಡಿದರೂ ಹತ್ತುತ್ತದೆ. ರಸ್ತೆಗೆ ಹತ್ತಿರವಿದ್ದರೆ ಬೇಡ. ಮಲೆನಾಡಿನವರಿಗೆ ಅದನ್ನು ಹೇಳುವುದಿಲ್ಲ, ಜೋರು ಮಳೆಗೂ ಗಿಡ ಅಲುಗಾಡಿದ್ದಕ್ಕೂ ಹತ್ತುತ್ತಿರುತ್ತದೆ.

ತುಂಗಾತೀರ:
ಬಚ್ಚಲಿನ ಗೋಡೆಗೆ ಏಳು ಅಡಿಯಲ್ಲಿ ಸೆನ್ಸರ್ ಹಾಕಿಸಿದೆವು. ಅಮ್ಮ ಕೊಟ್ಟಿಗೆ ಬಾಗಿಲು ದಾಟುತ್ತಿದ್ದಂತೆ ಹತ್ತುತ್ತಿದೆ! ಟೇಪ್ ಹಾಕಿದ ಮೇಲೆ ಬಾಳೆಯ ಕಾಟವೂ ಇಲ್ಲ. ಎರಡು ಅನುಮಾನ ಉಳಿದಿವೆ. ಸೆನ್ಸರಿನ ಅಡಿಯ ತಿರುಪುಗಳನ್ನು ಎಷ್ಟಕ್ಕೆ ಇಡಬೇಕು? ಲೈಟಿಗೆ ಹುಳ ಮುತ್ತುತ್ತವೆ, ಹುಳ ತಿನ್ನಲು ಹಲ್ಲಿ ಬರುತ್ತವೆ, ಏನು ಮಾಡುವುದು? ಸೋಲಾರ್ ಹಾಕಿದ್ದರೆ ವಾಸಿಯಿತ್ತು ಅಂತ ತಮ್ಮ ಬೇರೆ ಹೇಳುತ್ತಿದ್ದಾನೆ.

ಬೆಸುಗೆಕಡ್ಡಿ:
ಖುಷಿಯಾಯಿತು. ಲಕ್ಸ್ ತಿರುಪನ್ನು (ಎಷ್ಟು ಕತ್ತಲಾದರೆ ಹತ್ತಬೇಕು ಅನ್ನುವುದು) ಚಂದ್ರನ ಚಿತ್ರದ ಕಡೆ ತಿರುಗಿಸಿ, ಆಗ ಕತ್ತಲಲ್ಲಿ ಮಾತ್ರ ಹತ್ತುತ್ತದೆ. ಹಗಲಲ್ಲಿ ಪರೀಕ್ಷೆ ಮಾಡುವಾಗ ಸೂರ್ಯನ ಕಡೆ ಇಡಿ. ಟೈಮ್ ಎರಡು ಮೂರು ನಿಮಿಷ ಇರಲಿ, ಅಮ್ಮ ಎಲ್ಲಾದರೂ ನಿಂತರೆ ನಡುದಾರಿಯಲ್ಲಿ ಆರಬಾರದು. ಸೆನ್ಸಿಟಿವಿಟಿ ಕಡಿಮೆಯಿಂದ ಶುರುಮಾಡಿ ಬೇಕಾದಷ್ಟೇ ಏರಿಸಿ. ಕರೆಂಟ್ ಕೊಟ್ಟ ಕೂಡಲೇ ಲೈಟ್ ತಾನಾಗಿ ಹತ್ತಿದರೆ ಗಾಬರಿ ಬೇಡ, ಸೆನ್ಸರ್ ಸ್ಥಿಮಿತಕ್ಕೆ ಬರಲು ಅರ್ಧ ನಿಮಿಷದ ಮೇಲೆ ಬೇಕು.

ಹುಳಕ್ಕೆ 6500 ಕೆಲ್ವಿನ್ನಿನ (ಬೆಳಕಿನ ಬಣ್ಣದ ಅಳತೆ) ಬಿಳಿ ಲೈಟ್ ತೆಗೆದು 3000ದ ಹಳದಿ ಹಾಕಿ. ಪೂರ್ತಿ ನಿಲ್ಲುವುದಿಲ್ಲ, ಕಡಿಮೆಯಾಗುತ್ತದೆ. ಹಲ್ಲಿ ಸೆನ್ಸರಿನ ಮುಖದ ಮೇಲೇ ಹರಿದರೆ ಲೈಟ್ ಹತ್ತಬಹುದು. ಲೈಟೂ ಸೆನ್ಸರೂ ದೂರ ಇರುವುದರಿಂದ ನಿಮಗೆ ಆ ತೊಂದರೆ ಕಡಿಮೆ. ಜೇಡರ ಬಲೆ ಕಟ್ಟಿದರೆ ಒಣ ಬಟ್ಟೆಯಲ್ಲಿ ಒರೆಸಿ.

ಸೋಲಾರ್ ವಿಷಯ ತಮ್ಮನಿಗೆ ಹೀಗೆ ಹೇಳಿ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೀರ್ಥಹಳ್ಳಿಯಲ್ಲಿ ಮೋಡ ಮುಚ್ಚಿರುವಾಗ ಬ್ಯಾಟರಿ ತುಂಬುವುದಿಲ್ಲ, ದಾರಿಯಲ್ಲಿ ಬೆಳಕು ತೀರಾ ಬೇಕಿರುವುದೂ ಆಗಲೇ. ಕರೆಂಟ್ ಹೋಗುವ ಚಿಂತೆಯಿದ್ದರೆ ಈ ಒಂದು ಲೈನನ್ನು ಮನೆಯ ಇನ್ವರ್ಟರಿಗೆ ಸೇರಿಸಿಬಿಡಿ. ಲೈನಿನ ಕರೆಂಟಿನಂತೆಯೇ ನಯವಾದ ಕರೆಂಟ್ ಕೊಡುವ ಸೈನ್ ವೇವ್ ಇನ್ವರ್ಟರ್ ಆಗಿರಲಿ.